ದುರ್ಗದ ಬಂಡೆಯೂ ಬೆರಳಿನ ಬಲವೂ

ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಏರಿ ಹೆಸರಾದವರು ಜ್ಯೋತಿರಾಜ್. ಪ್ರವಾಸಿಗರ ಕಣ್ಣಿಗೆ ಬೀಳುವುದು ಕೆಲವೇ ನಿಮಿಷಗಳ ಏರಿಕೆ. ಅದರ ಹಿಂದಿನ ವರ್ಷಗಳ ಅಭ್ಯಾಸವಲ್ಲ. ಅವರನ್ನು ಅನುಕರಿಸಹೊರಡುವ ಹವ್ಯಾಸಿಗಳು ಎಡವುವುದು ಇಲ್ಲಿಯೇ.

ಶಿಲಾರೋಹಣದ ಅಭ್ಯಾಸ ಆರಂಭಿಸಿದವರ ತೋಳಿನ ಸ್ನಾಯುಗಳು ಕೆಲವು ವಾರಗಳಲ್ಲೇ ಬಲಗೊಳ್ಳುತ್ತವೆ. ಬೆರಳುಗಳ ಸ್ನಾಯುರಜ್ಜುಗಳು ಹಾಗೂ ಅವನ್ನು ಮೂಳೆಗೆ ಬಿಗಿದಿಡುವ ಪಟ್ಟಿಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ತೋಳು ಸಿದ್ಧವಿದ್ದರೂ ಬೆರಳು ಸಿದ್ಧವಿರುವುದಿಲ್ಲ. ಗಾಯವಾಗುವುದು ಈ ಅಂತರದಲ್ಲಿ. ಆದ್ದರಿಂದಲೇ ಹೊಸಬರಿಗೆ ವಾರಕ್ಕೆ ಎರಡು-ಮೂರು ದಿನಗಳ ಅಭ್ಯಾಸ ಸಾಕು. ಕಠಿಣ ಏರಿಕೆಯ ಮರುದಿನ ಪೂರ್ಣ ವಿಶ್ರಾಂತಿ ಅಗತ್ಯ. ಭಾನುವಾರವಿಡೀ ಬಂಡೆಗೆ ಜೋತುಬಿದ್ದು ವಾರದ ಬಾಕಿ ತೀರಿಸುವ ಉತ್ಸಾಹ ಮೆಚ್ಚತಕ್ಕದ್ದೇ, ಆದರೆ ಫಲಕಾರಿಯಲ್ಲ.

ಇದನ್ನು ಹೇಳಿಕೊಡುವವರಾರು? 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸ್ಥಾನ ಪಡೆಯಿತು. ದುರ್ಗದ ಕೋಟೆಯಾದರೋ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅದು ತರಬೇತಿ ಶಾಲೆಯಾಗಲಾರದು, ಆಗಲೂಬಾರದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಯುವಜನರ ಕೈಗೆಟಕಬೇಕಾದದ್ದು ಹಗ್ಗ, ಹಾಸು, ಕೃತಕ ಗೋಡೆ, ಎಲ್ಲಕ್ಕಿಂತ ಮಿಗಿಲಾಗಿ 'ಇಂದು ಸಾಕು' ಎನ್ನಬಲ್ಲ ನುರಿತ ತರಬೇತುದಾರ. 2018ರಲ್ಲಿ ನಾಪತ್ತೆಯಾಗಿದ್ದವರನ್ನು ಹುಡುಕಲು ಜೋಗದ ಪ್ರಪಾತಕ್ಕಿಳಿದಾಗ ಜ್ಯೋತಿರಾಜ್‌ರಂಥ ಪಳಗಿದವರನ್ನೇ ಮರುದಿನ ಹುಡುಕಬೇಕಾಗಿ ಬಂದಿತ್ತು.