ಕಬ್ಬಿನ ಟ್ರೇಲರನ್ನು ಕೊಳ್ಳುವ ಮುನ್ನ

ಓಟದ ಕಾರನ್ನು ಪಂದ್ಯದ ಬಯಲಿಗೆ ಸಾಗಿಸಲೆಂದೇ ಪ್ರತ್ಯೇಕವಾದ ಟ್ರೇಲರನ್ನೂ, ಅದನ್ನು ಮೇಲೆತ್ತಿ ನಿಲ್ಲಿಸಲು ಗ್ಯಾರೇಜಿನಲ್ಲೊಂದು ಲಿಫ್ಟನ್ನೂ ಇಟ್ಟುಕೊಂಡ ಸಿರಿವಂತರು ಪರದೇಶಗಳಲ್ಲಿ ಉಂಟು. ನಮ್ಮ ಮುಧೋಳ ಸೀಮೆಯಲ್ಲಿ ಟ್ರೇಲರನ್ನೇರಿ ಮೆರೆಯುವ ದೊರೆಯೆಂದರೆ ಕಬ್ಬು. ಕಾರ್ಖಾನೆಗಳು ನುರಿಸಲು ತೊಡಗಿದವೆಂದರೆ ಮುಧೋಳ–ಮಹಾಲಿಂಗಪುರ, ಮುಧೋಳ–ಜಮಖಂಡಿ ರಸ್ತೆಗಳಲ್ಲಿ ಒಂದೊಂದು ಟ್ರ್ಯಾಕ್ಟರಿನ ಬೆನ್ನಿಗೆ ಎರಡೆರಡು ಟ್ರೇಲರುಗಳು ತೇರಿನಂತೆ ಓಲಾಡುತ್ತ ಸಾಗುತ್ತವೆ. ಸಾಲಸೋಲ ಮಾಡಿ ಇದನ್ನು ಕೊಳ್ಳುವ ರೈತನಾದರೋ, ಬಹುಮಟ್ಟಿಗೆ ಬಣ್ಣವನ್ನೂ ಉದ್ದಗಲವನ್ನೂ ನೋಡಿ ಮುಂಗಡ ಕೊಟ್ಟುಬಿಡುತ್ತಾನೆ.

ಮೊದಲು ಭಾರದ ಲೆಕ್ಕ. ಒಟ್ಟಿದ ಕಬ್ಬು ಒಂದು ಘನಮೀಟರಿಗೆ ಸುಮಾರು 300ರಿಂದ 400 ಕಿಲೋ ತೂಗುತ್ತದೆ. 12 ಅಡಿ ಉದ್ದ, 6 ಅಡಿ ಅಗಲದ ತಳದ ಮೇಲೆ 6 ಅಡಿ ಎತ್ತರಕ್ಕೆ ತುಂಬಿದರೆ ಹೆಚ್ಚುಕಡಿಮೆ ನಾಲ್ಕೈದು ಟನ್ನು. ಅದನ್ನೇ 10 ಅಡಿಗೆ ಏರಿಸಿದರೆ ಆರರಿಂದ ಎಂಟು ಟನ್ನು. ತಯಾರಕನು ಅಚ್ಚಿಗೂ ಟಾಯರಿಗೂ ಗೊತ್ತುಪಡಿಸಿದ ಭಾರವೆಷ್ಟೆಂಬುದನ್ನು ಬರೆಹದಲ್ಲಿ ಕೇಳಿ ಪಡೆಯತಕ್ಕದ್ದು. "ಎಷ್ಟಾದರೂ ತಡೀತೈತ್ರಿ" ಎಂಬ ಬಾಯಿಮಾತು ಅಚ್ಚು ಮುರಿದ ದಿನ ನೆರವಿಗೆ ಬಾರದು.

ಎರಡು ಗಾಲಿಯದೋ ನಾಲ್ಕು ಗಾಲಿಯದೋ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರವನ್ನು ನಮ್ಮ ಎತ್ತಿನ ಗಾಡಿಯ ಹಿರಿಯರು ಎಂದೋ ಕಂಡುಕೊಂಡಿದ್ದರು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲಿಯೂ ಭಾರದ ಒಂದು ಪಾಲು ಟ್ರ್ಯಾಕ್ಟರಿನ ಮೇಲೆಯೇ ಬೀಳುವುದು. ಆ ಪಾಲು ಹಿತಮಿತವಾಗಿದ್ದರೆ ಹಿಂದಿನ ಗಾಲಿಗಳಿಗೆ ನೆಲದ ಹಿಡಿತ ಹೆಚ್ಚುವುದು, ಹೊಲದ ಕೆಸರಿನಿಂದ ಹೊರಬರಲು ಅನುಕೂಲ. ಅತಿಯಾದರೆ ಮುಂದಿನ ಗಾಲಿಗಳು ಹಗುರಾಗಿ, ತಿರುಗಣೆ ಹಿಡಿದವನ ಮಾತನ್ನು ಕೇಳದಂತಾಗುತ್ತವೆ. ನಾಲ್ಕು ಗಾಲಿಯದು ತನ್ನ ಭಾರವನ್ನು ತಾನೇ ಹೊರುವುದಾದರೂ ಹಿಮ್ಮುಖವಾಗಿ ನಡೆಸುವಾಗ ಪಳಗಿದ ಕೈಯನ್ನೂ ಬೆವರಿಳಿಸುತ್ತದೆ. ದೂರದ ಕಾರ್ಖಾನೆಗೆ ಕಬ್ಬು ಹೊರಲು ನಾಲ್ಕು ಗಾಲಿಯೇ ಲೇಸು. ಗೊಬ್ಬರ ಮಣ್ಣುಗಳ ಮನೆಗೆಲಸಕ್ಕೆ ಎರಡು ಗಾಲಿಯದು ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ: ಬ್ರೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಟ್ರ್ಯಾಕ್ಟರು ತೂಗುವುದು ಎರಡು ಟನ್ನಿನ ಆಸುಪಾಸು. ಅದರ ಬೆನ್ನ ಹಿಂದೆ ಹನ್ನೆರಡು ಹದಿನಾರು ಟನ್ನು ಕಬ್ಬು, ಮೇಲೆ ಟ್ರೇಲರುಗಳ ಸ್ವಂತ ತೂಕ. ಇಷ್ಟನ್ನೂ ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳಷ್ಟೇ ತಡೆಯಬೇಕೆಂದರೆ ಅದು ಮಗುವಿನ ಕೈಗೆ ಹೋರಿಯ ಹಗ್ಗ ಕೊಟ್ಟಂತೆ. ಇಳಿಜಾರಿನಲ್ಲಿ ಟ್ರೇಲರು ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತ ಅಡ್ಡಕ್ಕೆ ಮಡಚಿ ಕೆಡವುವುದು ಹೀಗೆಯೇ. ವೇಗ 15 ಕಿಲೋಮೀಟರಿನಿಂದ 30ಕ್ಕೆ ಏರಿದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ನೆಲ ಇಮ್ಮಡಿಯಲ್ಲ, ನಾಲ್ಮಡಿ. ಆದಕಾರಣ ತನ್ನದೇ ಬ್ರೇಕುಳ್ಳ ಟ್ರೇಲರಿಗಾಗಿ ಕೆಲವು ಸಾವಿರ ರೂಪಾಯಿ ಹೆಚ್ಚು ತೆರಬೇಕಾದರೂ ಹಿಂಜರಿಯಲಾಗದು. ರಸ್ತೆಗೆ ಬಂದೊಡನೆ ಟ್ರ್ಯಾಕ್ಟರಿನ ಎಡಬಲದ ಬ್ರೇಕು ಪೆಡಲುಗಳನ್ನು ಕೂಡಿಸಿ ಕೊಂಡಿ ಹಾಕುವುದೂ ಅಷ್ಟೇ ಅಗತ್ಯ. ಹೊಲದಲ್ಲಿ ತಿರುಗಲೆಂದು ಬಿಡಿಸಿದ ಪೆಡಲನ್ನು ಹಾಗೆಯೇ ಬಿಟ್ಟು, ರಸ್ತೆಯಲ್ಲಿ ಒಂದನ್ನೇ ತುಳಿದರೆ ಗಾಡಿ ಒಂದೇ ಮಗ್ಗುಲಿಗೆ ಎಳೆದು ಉರುಳುತ್ತದೆ. ಎಣ್ಣೆ ಉಳಿಸುವೆನೆಂದು ಇಳಿಜಾರಿನಲ್ಲಿ ಗೇರು ತೆಗೆದು ಬಿಡುವ ಚಾಲಕನಿಗೆ ಸಂಬಳ ಕೊಟ್ಟು ಮನೆಗೆ ಕಳಿಸುವುದು ಮೇಲು.

ಜೋಡಿಸುವ ಪಿನ್ನು ಗಟ್ಟಿಯಾದುದಾಗಿರಲಿ. ಅದು ಮೇಲೆದ್ದು ಜಾರದಂತೆ ಕ್ಲಿಪ್ಪಿರಲಿ, ಜೊತೆಗೊಂದು ಸರಪಳಿಯೂ ಇರಲಿ. ಎಳೆಯುವ ಕೊಂಡಿ ಹಿಂದಿನ ಅಚ್ಚಿಗಿಂತ ಎತ್ತರದಲ್ಲಿದ್ದರೆ ಏರುವಾಗ ಟ್ರ್ಯಾಕ್ಟರು ಮುಂಗಾಲೆತ್ತಿ ಹಿಮ್ಮಗುಚುವ ಅಪಾಯವುಂಟು.

ದೀಪದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹಿಂಬದಿಗೆ ಕೆಂಪು ಪ್ರತಿಫಲಕವನ್ನು ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವವರು ಹಲವರು. ಕಬ್ಬಿನ ತುದಿಗಳು ಹಿಂದಕ್ಕೆ ಜೋತು ಅದನ್ನು ಮುಚ್ಚಿಬಿಡುತ್ತವೆ. ಕತ್ತಲಲ್ಲಿ ಬರುವ ಮೋಟಾರು ಸೈಕಲ್ಲಿನವನಿಗೆ ಎದುರಿಗಿರುವುದು ಕರಿಯ ಗೋಡೆ. ಅವನು ಅದನ್ನು ಕಾಣುವುದು ಡಿಕ್ಕಿಯ ಕ್ಷಣದಲ್ಲಿಯೇ. ಪ್ರತಿಫಲಕವನ್ನು ಒಂದು ಹಲಗೆಗೆ ಬಡಿದು, ಹೇರು ಮುಗಿದ ಬಳಿಕ ಕಬ್ಬಿನ ಹೊರತುದಿಗೆ ಕಟ್ಟಬೇಕು. ಎರಡನೆಯ ಟ್ರೇಲರಿನವರೆಗೂ ವಿದ್ಯುತ್ತಂತಿ ಎಳೆದು ಕೆಂಪು ದೀಪವನ್ನು ಉರಿಸಬೇಕು.

ಈಗ ಎತ್ತುವ ಸಾಧನಗಳ ವಿಚಾರ. ಹೈಡ್ರಾಲಿಕ್ಕಿನಿಂದ ತಳವನ್ನೆತ್ತಿ ಸುರಿಯುವ ಟ್ರೇಲರು ಮಣ್ಣಿಗೆ, ಗೊಬ್ಬರಕ್ಕೆ ಚೆನ್ನ. ಕಬ್ಬಿಗಾಗಿಯಷ್ಟೇ ಅದನ್ನು ಕೊಳ್ಳಬೇಕಾದುದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಕ್ರೇನು ಕಬ್ಬನ್ನು ಎತ್ತಿಕೊಳ್ಳುತ್ತದೆ, ತಳದಲ್ಲಿ ಹಗ್ಗವನ್ನೋ ಸರಪಳಿಯನ್ನೋ ಹಾಸಿದ್ದರಾಯಿತು. ಎತ್ತಿದ ತಳದ ಕೆಳಗೆ ಗ್ರೀಸು ಹಚ್ಚಲು ನುಸುಳುವ ಮುನ್ನ ಗಟ್ಟಿಯಾದ ಊರೆಯನ್ನು ಕೊಡಲೇಬೇಕು. ಎಣ್ಣೆಯ ಕೊಳವೆಯೊಂದು ಒಡೆದರೆ ತಳ ಕುಸಿಯಲು ನಿಮಿಷ ಬೇಡ. ಜಾಕಿನದೂ ಇದೇ ಕಥೆ. ಟಾಯರು ಬಿಚ್ಚುವಾಗ ಜಾಕಿನ ಅಡಿಗೆ ಅಗಲವಾದ ಹಲಗೆ ಇಲ್ಲದಿದ್ದರೆ ನಮ್ಮ ಎರೆಮಣ್ಣಿನಲ್ಲಿ ಅದು ಹೂತುಹೋಗುತ್ತದೆ. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಅಚ್ಚಿನ ಅಡಿಗೆ ಮರದ ದಿಮ್ಮಿಯಿಟ್ಟ ಮೇಲೆಯೇ ಕೈ ಹಾಕತಕ್ಕದ್ದು. ಜಾಕು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ.

ಕಾಗದಪತ್ರಗಳಲ್ಲಿಯೂ ಉದಾಸೀನ ಸಲ್ಲದು. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಟ್ರೇಲರಿಗೂ ನೋಂದಣಿ ಉಂಟು. ಟ್ರೇಲರುಗಳು ಸಾಲಾಗಿದ್ದರೆ ಕಟ್ಟಕಡೆಯದರ ಮೇಲೆ ಎಳೆಯುವ ವಾಹನದ ಸಂಖ್ಯೆ ಕಾಣಬೇಕು. ಟ್ರ್ಯಾಕ್ಟರಿನ ವಿಮೆ ಟ್ರೇಲರನ್ನೂ ತಾನಾಗಿಯೇ ಕಾಯುವುದೆಂದು ನಂಬಬಾರದು, ಅದನ್ನು ಪಾಲಿಸಿಯಲ್ಲಿ ಬೇರೆಯಾಗಿ ನಮೂದಿಸಬೇಕು. 2025ರ ನವೆಂಬರಿನಲ್ಲಿ ಕಬ್ಬಿನ ಬೆಲೆಯ ಚಳವಳಿ ಕಾವೇರಿದಾಗ ಸಮೀರವಾಡಿಯ ಕಾರ್ಖಾನೆಯ ಬಳಿ ಕಬ್ಬು ತುಂಬಿದ ಟ್ರೇಲರುಗಳು ಬೆಂಕಿಗೆ ಆಹುತಿಯಾದವು. ಪರರಿಗಾದ ಹಾನಿಯನ್ನಷ್ಟೇ ಭರಿಸುವ ಅಗ್ಗದ ವಿಮೆಯಿಂದ, ಹೀಗೆ ಸುಟ್ಟ ಸ್ವಂತ ಟ್ರೇಲರಿಗೆ ಕಾಸೂ ದೊರೆಯದು. ಬೆಂಕಿ ಮತ್ತು ದೊಂಬಿಯ ಹಾನಿ ಸೇರಿದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಓದಿಸಿ ಕೇಳಿರಿ.

ಹಂಗಾಮು ಮುಗಿದ ಬಳಿಕ ಗಾಲಿಗಳ ಬೇರಿಂಗು ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬುವುದು ಹಳೆಯ ಕೀಲೆಣ್ಣೆಯ ಶಾಸ್ತ್ರವೇ. ಮಳೆ ಬರುವವರೆಗೂ ಟ್ರೇಲರು ಬಯಲಿನಲ್ಲಿ ಒಣಗುವುದಾದರೆ ಅಚ್ಚನ್ನು ದಿಮ್ಮಿಯ ಮೇಲೆ ನಿಲ್ಲಿಸಿ, ಟಾಯರಿಗೆ ಹಳೆಯ ಗೋಣಿತಟ್ಟನ್ನಾದರೂ ಹೊದಿಸಿರಿ. ವೈಶಾಖದ ಬಿಸಿಲಿಗೆ ರಬ್ಬರು ಬಿರಿಯದೆ ಇರುವುದು.