ಬೀಪ್ ಅಂದ ಕಡೆಯೆಲ್ಲ ಬಂಗಾರ ಇರೋಲ್ಲ!

ಹಳ್ಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೆ ನಾಡಿನ ಸುದ್ದಿಯೆಲ್ಲ ಬಿಟ್ಟಿ ಸಿಗುತ್ತದೆ. ಮೊನ್ನೆ ಕಿವಿಗೆ ಬಿದ್ದದ್ದು 'ಮಿಷಿನ್ನಿ'ನ ಸುದ್ದಿ.

"ಯಾರೋ ಮಿಷಿನ್ ತಂದವ್ರಂತೆ ಕಣಪ್ಪ. ಹಾಳುಗುಡಿ ಹಿಂದ್ಗಡೆ ಕುಂಯ್ ಅಂತಂತೆ. ಅಮಾಸೆಗೆ ಅಗೀತಾರಂತೆ."

"ಎಷ್ಟ್ ಇರಬೌದು?"

"ಕೊಪ್ಪರಿಗೆ ಲೆಕ್ಕ ಅಂತಾರಪ್ಪ!"

ಕಂಡಕ್ಟರ್ ಸೀಟಿ ಊದಿದ. ಮಾತು ಅಲ್ಲಿಗೆ ನಿಂತಿತು. ಆದರೆ ಕೇಳುತ್ತಿದ್ದ ಹತ್ತು ಜನರ ತಲೆಯೊಳಗೆ ಕೊಪ್ಪರಿಗೆ ಕುದಿಯತೊಡಗಿದ್ದನ್ನು ಅವರ ಮುಖವೇ ಹೇಳುತ್ತಿತ್ತು.

ಈ ಮಿಷಿನ್ ಅಂದರೆ ಮೆಟಲ್ ಡಿಟೆಕ್ಟರ್, ಲೋಹಶೋಧಕ. ಹಿಂದೆ ಪೊಲೀಸರು, ಮಿಲಿಟರಿಯವರ ಕೈಯಲ್ಲಿ ಮಾತ್ರ ಕಾಣುತ್ತಿದ್ದ ವಸ್ತು ಈಗ ಮೊಬೈಲಿನಲ್ಲಿ ಆರ್ಡರ್ ಕೊಟ್ಟರೆ ಕೆಲವು ಸಾವಿರಕ್ಕೆ ಮನೆ ಬಾಗಿಲಿಗೆ ಬರುತ್ತದೆ. ನಿಧಿಯ ಹುಚ್ಚು ನಮ್ಮಲ್ಲಿ ಹೊಸದೇನಲ್ಲ. ಕೋಟೆ ಕೊತ್ತಲ ಇದ್ದ ಕಡೆ, ಪಾಳೇಗಾರರು ಆಳಿದ ಕಡೆ, ಬಸವಣ್ಣನ ಡುಬ್ಬ ಒಡೆದದ್ದು, ಲಿಂಗ ಕಿತ್ತದ್ದು, ವೀರಗಲ್ಲು ಉರುಳಿಸಿದ್ದು ಎಷ್ಟೋ ಇದೆ. ಹಿಂದೆ ಅಂಜನ ಹಾಕುವವನು ತೋರಿಸಿದ ಕಡೆ ಅಗೆಯುತ್ತಿದ್ದರು. ಈಗ ಅಂಜನದವನ ಜಾಗಕ್ಕೆ ಬ್ಯಾಟರಿ ಬಂದಿದೆ, ಅಷ್ಟೆ.

ಮಿಷಿನ್ನಿನ ಮರ್ಮ

ಈ ಯಂತ್ರದಲ್ಲಿ ಮಾಯ ಮಂತ್ರ ಏನೂ ಇಲ್ಲ. ಕೋಲಿನ ತುದಿಯಲ್ಲಿ ತಟ್ಟೆಯಂಥ ಒಂದು ತಂತಿಯ ಸುರುಳಿ. ಅದರಲ್ಲಿ ಕರೆಂಟ್ ಹರಿದಾಗ ಸುತ್ತ ಕಾಂತಕ್ಷೇತ್ರ ಏಳುತ್ತದೆ. ನೆಲದೊಳಗೆ ಲೋಹ ಇದ್ದರೆ ಅದರಲ್ಲೂ ಸಣ್ಣ ಕರೆಂಟ್ ಹುಟ್ಟುತ್ತದೆ. ಯಂತ್ರ ಅದನ್ನು ಹಿಡಿದು ಬೀಪ್ ಅನ್ನುತ್ತದೆ.

ಆದರೆ ಎಷ್ಟು ಆಳಕ್ಕೆ? ಒಂದು ಕಾಸು ಸಾಮಾನ್ಯ ಮಿಷಿನ್ನಿಗೆ ಸಿಗಬೇಕಾದರೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣಿನೊಳಗೆ ಇರಬೇಕು. 'ಇಪ್ಪತ್ತಡಿ ಕೆಳಗೆ ಚಿನ್ನದ ಕೊಪ್ಪರಿಗೆ ತೋರಿಸ್ತದೆ' ಎಂದು ಯಾವನಾದರೂ ಇಂಥ ಮಿಷಿನ್ ಹಿಡಿದು ಹೇಳಿದರೆ ಅವನು ತೋರಿಸುತ್ತಿರುವುದು ನಿಮ್ಮ ಜೇಬಿನ ಆಳ. ಇನ್ನು ಲೋಹ ಯಾವುದು ಎಂಬ ಪ್ರಶ್ನೆ. ಬಂಗಾರದ ಉಂಗುರಕ್ಕೂ ಅಲ್ಯುಮಿನಿಯಂ ಚೂರಿಗೂ ಎಷ್ಟೋ ಸಲ ಒಂದೇ ಥರ ಕೂಗುತ್ತದೆ. ಹೊಲದಲ್ಲಿ ಲಾಳ, ಮೊಳೆ, ಟ್ರ್ಯಾಕ್ಟರ್ ಬೋಲ್ಟು, ಬಾಟಲಿ ಮುಚ್ಚಳಕ್ಕೆ ಬರವೇ?

ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಸಾಹೇಬರ ಕಥೆ ಕೇಳಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿತ್ತು. ಮೈಯೊಳಗಿನ ಗುಂಡು ಎಲ್ಲಿದೆ ಎಂದು ಪತ್ತೆ ಮಾಡಲು ಬೆಲ್ ಇಂಥದ್ದೇ ಯಂತ್ರ ತಂದರು. ಗುಂಡು ಸಿಗಲಿಲ್ಲ. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗು ದಾರಿ ತಪ್ಪಿಸಿತು ಎನ್ನುತ್ತಾರೆ. ಅಧ್ಯಕ್ಷರು ಉಳಿಯಲಿಲ್ಲ. ಅಂಥವರೇ ಎಡವಿದ ಮೇಲೆ ಅಮಾವಾಸ್ಯೆ ಕತ್ತಲಲ್ಲಿ ಅಗೆಯುವ ನಮ್ಮವರ ಪಾಡೇನು?

ಇದರ ಬೆನ್ನಿಗೇ ಬರುವುದು 'ರೈಸ್ ಪುಲ್ಲಿಂಗ್' ದಂಧೆ. ಹಳೇ ತಾಮ್ರದ ಚೊಂಬು ಅಕ್ಕಿ ಕಾಳನ್ನು ಎಳೆದುಕೊಳ್ಳುತ್ತದಂತೆ, ಅದಕ್ಕೆ ಕೋಟಿ ಬೆಲೆಯಂತೆ! ಇದಕ್ಕೆ ದುಡ್ಡು ಕಟ್ಟಿ ಮುಳುಗಿದವರಲ್ಲಿ ಓದಿದವರೂ ಇದ್ದಾರೆ, ಅಂಗಡಿ ಇಟ್ಟವರೂ ಇದ್ದಾರೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ ಸ್ವಾಮಿ. ಎಳೆಯುವುದು ಆಸೆ.

ಬೃಂದಾವನದಲ್ಲಿ ಏನಿತ್ತು?

ನಷ್ಟ ಅಗೆದವನದಷ್ಟೇ ಆಗಿದ್ದರೆ 'ಅನುಭವಿಸಲಿ ಬಿಡಿ' ಎನ್ನಬಹುದಿತ್ತು. ಆದರೆ ಹಾಗಲ್ಲ.

2019ರ ಜುಲೈನಲ್ಲಿ ಗಂಗಾವತಿ ತಾಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ರಾತ್ರಿ ಒಡೆದುಹಾಕಿದರು. ಕೃಷ್ಣದೇವರಾಯನ ಕಾಲದ ಯತಿಗಳ ಸಮಾಧಿ ಅದು. ಎಲ್ಲ ಬಿಟ್ಟ ಸನ್ಯಾಸಿಯ ಸಮಾಧಿಯಲ್ಲಿ ಬಂಗಾರ ಎಲ್ಲಿಂದ ಬರಬೇಕು? ಭಕ್ತರು ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿದರು, ಪೊಲೀಸರು ಕೆಲವರನ್ನು ಹಿಡಿದರು. ಆದರೆ ಸುಮಾರು 480 ವರ್ಷ ಮಳೆ, ಬಿಸಿಲು, ಪ್ರವಾಹ ತಡೆದುಕೊಂಡ ಕಲ್ಲು ಒಂದು ರಾತ್ರಿಯ ದುರಾಸೆಯನ್ನು ತಡೆದುಕೊಳ್ಳಲಿಲ್ಲ.

ಚಂದ್ರವಳ್ಳಿಯ ಕಾಸು

ಒಡೆದದ್ದು ಕಣ್ಣಿಗೆ ಕಾಣುತ್ತದೆ. ಕಾಣದ ನಷ್ಟ ಇನ್ನೂ ದೊಡ್ಡದು. ಅದು ಅರ್ಥವಾಗಬೇಕಾದರೆ ದುರ್ಗದ ಮಗ್ಗುಲಿನ ಚಂದ್ರವಳ್ಳಿಗೆ ಬರಬೇಕು. ಭಾನುವಾರ ಮಕ್ಕಳನ್ನು ಕರಕೊಂಡು ಹೋಗುವ ಅದೇ ಕೆರೆ, ಅದೇ ಬಂಡೆ.

ಅಲ್ಲಿ 1929ರಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅಗೆತ ನಡೆಸಿದರು. 1947ರಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ ಅಗೆಸಿದರು. ಸಿಕ್ಕವುಗಳಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್ಸನ ಬೆಳ್ಳಿ ನಾಣ್ಯವೂ ಇತ್ತು. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆ ಕಾಸನ್ನು ತೂಕಕ್ಕೆ ಹಾಕಿದರೆ ನಾಲ್ಕು ಗ್ರಾಂ ಕೂಡ ಬರುವುದಿಲ್ಲ. ಆದರೆ ಅದು ಮಣ್ಣಿನ ಯಾವ ಪದರದಲ್ಲಿ ಇತ್ತು, ಅದರ ಜೊತೆಗೆ ಎಂಥ ಮಡಕೆ ಚೂರು, ಯಾವ ಸೀಸದ ಕಾಸು ಇತ್ತು ಎಂಬುದನ್ನು ಬರೆದಿಟ್ಟಿದ್ದರಿಂದ ಆ ಪದರ ಎರಡು ಸಾವಿರ ವರ್ಷದ ಹಿಂದಿನದು ಎಂದು ಹೇಳಲು ಆಧಾರ ಸಿಕ್ಕಿತು. ಇಲ್ಲಿನ ಜನ ಆಗಲೇ ಸಮುದ್ರದಾಚೆಯವರ ಕಾಸು ಕಂಡಿದ್ದರು ಎಂದು ಗೊತ್ತಾಯಿತು.

ಅದೇ ಕಾಸನ್ನು ಒಬ್ಬ ರಾತ್ರಿ ಮಿಷಿನ್ ಹಿಡಿದು ಕಿತ್ತಿದ್ದರೆ? ಬೆಳ್ಳಿ ಅಂಗಡಿಯಲ್ಲಿ ಒಂದೆರಡು ದಿನದ ಕೂಲಿ. ಮಡಕೆ ಚೂರು ಗುಂಡಿಯ ಪಕ್ಕ. ಚಂದ್ರವಳ್ಳಿಯ ಲೆಕ್ಕ ಪುಸ್ತಕದ ಒಂದು ಹಾಳೆ ಹರಿದು ಹೋದಂತೆ. ಅಂಗಡಿಯವರಿಗೆ ಇದು ಬೇಗ ಅರ್ಥವಾದೀತು. ಖಾತೆ ಪುಸ್ತಕದಿಂದ ಹಾಳೆ ಕಿತ್ತು ರದ್ದಿಗೆ ಮಾರಿದರೆ ಕಾಗದದ ದುಡ್ಡು ಬರುತ್ತದೆ, ಬರಬೇಕಾದ ಬಾಕಿ ಹೋಗುತ್ತದೆ.

ಮೂಗು ಹಿಡಿದ ರಾಕೆಟ್ಟು

ಯುದ್ಧದ ಸಾಮಾನಿಗೂ ಇದೇ ಮಾತು. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರದಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಹೊರಬಂದವು. ಟಿಪ್ಪು ಕಾಲದವು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿದ್ದದ್ದೇ ಸುಳಿವು! ರಾಜ್ಯ ಪುರಾತತ್ವ ಇಲಾಖೆಯವರು ಹದವಾಗಿ ಅಗೆದು ತೆಗೆದು ಶಿವಮೊಗ್ಗದ ಮ್ಯೂಸಿಯಮ್ಮಿಗೆ ಸಾಗಿಸಿದರು. ಇಂಥ ಕಬ್ಬಿಣದ ಕೊಳವೆಯ ರಾಕೆಟ್ಟಿನ ಪೆಟ್ಟು ತಿಂದ ಇಂಗ್ಲಿಷರೇ 1799ರ ನಂತರ ಅದನ್ನು ತಮ್ಮ ದೇಶಕ್ಕೆ ಒಯ್ದು ನೋಡಿ ತಮ್ಮ ರಾಕೆಟ್ಟು ಮಾಡಿಕೊಂಡರು. ಅದೇ ಬಾವಿ ಗುಜರಿಯವನ ಕಣ್ಣಿಗೆ ಬಿದ್ದಿದ್ದರೆ ಎಲ್ಲ ಕೆ.ಜಿ. ಲೆಕ್ಕದಲ್ಲಿ ತೂಗಿ ಹೋಗುತ್ತಿತ್ತು.

ಇನ್ನೊಂದು ಎಚ್ಚರಿಕೆ. ಯುದ್ಧದ ಸಾಮಾನು ಎಷ್ಟು ಹಳೆಯದಾದರೂ ಸತ್ತಿದೆ ಎಂದುಕೊಳ್ಳಬೇಡಿ. 1944ರಲ್ಲಿ ಜಪಾನಿಯರ ಜೊತೆ ಕಾದಾಟ ನಡೆದ ಮಣಿಪುರ, ನಾಗಾಲ್ಯಾಂಡ್‌ಗಳ ನೆಲದಲ್ಲಿ ಸಿಡಿಯದ ಬಾಂಬು ಇಂದಿಗೂ ಸಿಗುತ್ತವೆ. ಬೆಲ್ಜಿಯಂ, ಫ್ರಾನ್ಸಿನ ರೈತರ ನೇಗಿಲಿಗೆ ಒಂದನೇ ಮಹಾಯುದ್ಧದ ಶೆಲ್ಲುಗಳು ಪ್ರತಿ ವರ್ಷ ಏಳುತ್ತವೆ. ಮಿಷಿನ್ ಬೀಪ್ ಅನ್ನುತ್ತದೆಯೇ ಹೊರತು 'ಇದು ಬಾಂಬು' ಅನ್ನುವುದಿಲ್ಲ.

ಸುತ್ತಿಗೆ ಹುಡುಕಿದವನ ಅದೃಷ್ಟ

ಹಾಗಾದರೆ ಈ ಮಿಷಿನ್ನೇ ಕೆಟ್ಟದ್ದೇ? ಅಲ್ಲ. ಇಂಗ್ಲೆಂಡಿನಲ್ಲಿ ಇದು ಸಾವಿರಾರು ಜನರ ಹವ್ಯಾಸ. 1992ರ ನವೆಂಬರಿನಲ್ಲಿ ಸಫೊಕ್‌ನ ಹಾಕ್ಸ್‌ನ್ ಹಳ್ಳಿಯಲ್ಲಿ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳಕೊಂಡ. ಗೆಳೆಯನಿಗೆ 'ನಿನ್ನ ಮಿಷಿನ್ ತಂದು ಹುಡುಕಪ್ಪಾ' ಅಂದ. ಸುತ್ತಿಗೆ ಹುಡುಕಲು ಹೋದವನಿಗೆ ರೋಮನ್ ಕಾಲದ ಚಿನ್ನ ಬೆಳ್ಳಿ ಸಿಕ್ಕಿತು. ಅವನು ಪೂರ್ತಿ ಅಗೆಯಲಿಲ್ಲ. ನಿಲ್ಲಿಸಿ, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಪುರಾತತ್ವದವರು ಬಂದು ಹದಿನೈದು ಸಾವಿರದಷ್ಟು ನಾಣ್ಯ, ಒಡವೆ, ಬೆಳ್ಳಿ ಚಮಚಗಳನ್ನು ಜಾಗ ಗುರುತು ಮಾಡಿ ತೆಗೆದರು. ಸರ್ಕಾರ ಅವನಿಗೆ 17.5 ಲಕ್ಷ ಪೌಂಡ್ ಕೊಟ್ಟಿತು. ಅವನು ರೈತನ ಜೊತೆ ಹಂಚಿಕೊಂಡ. ಆ ಸುತ್ತಿಗೆಯೂ ಸಿಕ್ಕಿತು, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ!

ಅದೇ ದೇಶದ ಇನ್ನೊಂದು ಕಥೆ. 2015ರಲ್ಲಿ ಲೆಮ್‌ಸ್ಟರ್ ಊರಿನ ಹತ್ತಿರ ಇಬ್ಬರಿಗೆ ಸಾವಿರ ವರ್ಷಕ್ಕೂ ಹಳೆಯ ನಾಣ್ಯ, ಒಡವೆಗಳ ಗಂಟು ಸಿಕ್ಕಿತು. ಹೇಳಲಿಲ್ಲ, ಗುಟ್ಟಾಗಿ ಮಾರಲು ಹೊರಟರು. ಸುಮಾರು ಮುನ್ನೂರು ನಾಣ್ಯ ಇದ್ದವೆಂದು ಅಂದಾಜು, ಪೊಲೀಸರ ಕೈಗೆ ಬಂದದ್ದು ಮೂವತ್ತರ ಆಸುಪಾಸು. 2019ರಲ್ಲಿ ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಜೈಲಾಯಿತು. ಮೇಲ್ಮನವಿಯಲ್ಲಿ ಕಡಿಮೆಯಾದರೂ ಜೈಲು ತಪ್ಪಲಿಲ್ಲ. ಮಿಷಿನ್ ಒಂದೇ. ಹೇಳಿದವನಿಗೆ ಲಕ್ಷಾಂತರ ಪೌಂಡ್, ಮುಚ್ಚಿಟ್ಟವನಿಗೆ ಕಂಬಿ.

ಅಲ್ಲಿ 1996ರಲ್ಲಿ ನಿಧಿಗೆ ಹೊಸ ಕಾನೂನು ಮಾಡಿದರು. 1997ರಲ್ಲಿ ಇನ್ನೊಂದು ಏರ್ಪಾಡು ಮಾಡಿದರು. ಸಿಕ್ಕಿದ ಗುಂಡಿ, ಮೊಳೆ, ಕಾಸು ಏನೇ ಇರಲಿ, ತಂದು ತೋರಿಸಿದರೆ ಬರಕೊಂಡು ವಾಪಸ್ ಕೊಡುವ ಅಧಿಕಾರಿಗಳನ್ನು ಊರೂರಿಗೆ ನೇಮಿಸಿದರು. ಹೀಗೆ ದಾಖಲಾದ ವಸ್ತುಗಳು ಹತ್ತು ಲಕ್ಷ ದಾಟಿವೆ. ಜನಕ್ಕೆ ನಂಬಿಕೆ ಬಂದ ಮೇಲೆ ಮಣ್ಣಿನ ಕೆಳಗಿದ್ದದ್ದು ತಾನಾಗಿ ಪುಸ್ತಕಕ್ಕೆ ಬಂತು.

ನಮ್ಮಲ್ಲಿ ಕಾನೂನು ಇಲ್ಲವೇ?

ಉಂಟು. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆ ಇದೆ. ನಮ್ಮ ರಾಜ್ಯಕ್ಕೆಂದೇ 1962ರ ನಿಧಿ ಕಾಯ್ದೆ ಇದೆ. ಎರಡರ ತಿರುಳೂ ಒಂದೇ: ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸು, ಮುಚ್ಚಿಟ್ಟರೆ ಶಿಕ್ಷೆ. ಹಳೇ ಕಾಯ್ದೆಯನ್ನು ಓದಿದರೆ ಆಶ್ಚರ್ಯವಾಗುತ್ತದೆ. ವಾರಸುದಾರರು ಇಲ್ಲದ ನಿಧಿಯಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ಜಮೀನಿನವನಿಗೆ! ಸರ್ಕಾರ ತಾನೇ ಇಟ್ಟುಕೊಂಡರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ತಿಳಿಸದೆ ಇದ್ದವನಿಗೆ ಒಂದು ವರ್ಷದವರೆಗೆ ಜೈಲು. ಬ್ರಿಟಿಷರೂ ಹೇಳಿದವನ ಕೈ ಬಿಡಬಾರದು ಎಂದುಕೊಂಡಿದ್ದರು.

ಇದಲ್ಲದೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಪರವಾನಗಿ ಇಲ್ಲದೆ ಅಗೆದರೆ ಕೇಸು. ನಿಧಿ ಹೆಸರಲ್ಲಿ ಅಮಾನುಷ ಮಾಟ ಮಂತ್ರ ಮಾಡಿಸಿದರೆ 2017ರ ರಾಜ್ಯ ಕಾಯ್ದೆಯ ಕೆಳಗೆ ಬೇರೆ ಕೇಸು.

ಕಾನೂನು ಪುಸ್ತಕದಲ್ಲಿದೆ. ಜನಕ್ಕೆ ಗೊತ್ತಿರುವುದು ಬೇರೆ. ಬೇರೆ ಹಳ್ಳಿಯೊಂದರ ರೈತನೊಬ್ಬನನ್ನು ಕೇಳಿದೆ: "ನಿಮ್ಮ ಹೊಲದಲ್ಲಿ ಬಂಗಾರದ ಕಾಸು ಸಿಕ್ಕರೆ ಏನ್ ಮಾಡ್ತೀರಿ?" ಆತ ನಕ್ಕ. "ಹೇಳಿದ್ರೆ ಪೊಲೀಸ್ ಸ್ಟೇಷನ್ನಿಗೆ ಅಲೆಸ್ತಾರೆ, ಇನ್ನೂ ಎಲ್ಲಿಟ್ಟಿದ್ದಿ ಅಂತ ಕೇಳ್ತಾರೆ. ಹೊಲ ಇಲಾಖೆಯವರು ಹಿಡ್ಕೊಂತಾರೆ. ಹೇಳ್ದೆ ಇದ್ರೆ ಅಕ್ಕಸಾಲಿ ಕರಗಿಸಿ ಕೊಡ್ತಾನೆ. ನೀವಾಗಿದ್ರೆ ಏನ್ ಮಾಡ್ತಿದ್ರಿ ಸಾರ್?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ, ಒಪ್ಪಿಕೊಳ್ಳುತ್ತೇನೆ. ರೋಗ ಇರುವುದು ಅಲ್ಲೇ. ಕತ್ತಲಲ್ಲಿ ಅಗೆಯುವವನು ಕಳ್ಳ, ಅವನನ್ನು ಹಿಡಿಯಬೇಕು. ಆದರೆ ಹಗಲಲ್ಲಿ ಉಳುವಾಗ, ಪಾಯ ತೋಡುವಾಗ ಕಾಸು ಸಿಕ್ಕವನು ಕಳ್ಳನಲ್ಲ. ಅವನನ್ನು ಕಳ್ಳನಂತೆ ಹೆದರಿಸಿದಷ್ಟೂ ವರಹ, ಹಣ, ಸೀಸದ ಕಾಸೆಲ್ಲ ಮೂಸೆಗೆ ಹೋಗುತ್ತವೆ.

ಬೇಕಾದದ್ದು ದೊಡ್ಡ ಯೋಜನೆ ಅಲ್ಲ. ಪ್ರತಿ ತಾಲೂಕು ಕಚೇರಿ, ಪಂಚಾಯಿತಿಯಲ್ಲಿ ಒಂದು ಬೋರ್ಡ್: ಸಿಕ್ಕರೆ ಯಾರಿಗೆ ಹೇಳಬೇಕು, ನಿನ್ನ ಪಾಲು ಎಷ್ಟು, ಎಷ್ಟು ದಿನದಲ್ಲಿ ಕೊಡುತ್ತೇವೆ. ಹೇಳಿದವನಿಗೆ ರಸೀದಿ ಅಲ್ಲೇ ಕೊಡಬೇಕು. ಹಣ ಹೇಳಿದ ದಿನಕ್ಕೆ ಕೊಡಬೇಕು, ಮೊಮ್ಮಕ್ಕಳ ಕಾಲಕ್ಕಲ್ಲ.

ಇನ್ನು ಓದುಗರಿಗೆ ಒಂದು ಮಾತು. ಅಂಗಡಿಗೆ ಯಾರಾದರೂ ಮಣ್ಣು ಮೆತ್ತಿದ ಕಾಸು ತಂದರೆ ತಕ್ಕಡಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಿ. ಬಸ್ಸಿನಲ್ಲಿ 'ಮಿಷಿನ್' ಸುದ್ದಿ ಕೇಳಿದರೆ 'ಎಷ್ಟು ಇರಬಹುದು' ಎನ್ನುವ ಬದಲು 'ಯಾವ ಗುಡಿ ಹಿಂದೆ' ಎಂದು ಕೇಳಿ, ಠಾಣೆಗೆ ಒಂದು ಫೋನ್ ಮಾಡಿ.

ಅಂದ ಹಾಗೆ, ಆ ಹಾಳುಗುಡಿಯ ಹಿಂದೆ ನಾನೂ ಹೋಗಿ ನೋಡಿದೆ. ಎದೆಯುದ್ದದ ಗುಂಡಿ, ನಾಲ್ಕು ನಿಂಬೆಹಣ್ಣು, ಮಗುಚಿ ಬಿದ್ದ ಒಂದು ವೀರಗಲ್ಲು. ಗುಂಡಿಯ ಅಂಚಿನಲ್ಲಿ ತುಕ್ಕು ಹಿಡಿದ ನೇಗಿಲ ಗುಳ. ಕುಂಯ್ ಎಂದು ಕೂಗಿದ್ದು ಅದೇ ಇರಬೇಕು.