ಕಳ್ಳನ ಕೈಗೆ ಮೊಳೆ ಹೊಡೆದಿತ್ತು, ನಿಮ್ಮ ಕೈಗೇನಾಗಿದೆ?

ಸತ್ಕ್ರಿಯೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕೆಲವು ಬೋಧಕರಿಗೆ ಮೈಯೆಲ್ಲ ಉರಿ. ಹಸಿದವರಿಗೆ ಅನ್ನ ಹಾಕೋಣ ಅಂದರೆ ‘ಅದರಿಂದ ರಕ್ಷಣೆ ಸಿಗುವುದಿಲ್ಲ’ ಅನ್ನುತ್ತಾರೆ. ಜೈಲಿನಲ್ಲಿರುವವರನ್ನು ನೋಡಿ ಬರೋಣ ಅಂದರೆ ‘ಅದು ಸಮಾಜಸೇವೆ, ಸುವಾರ್ತೆಯಲ್ಲ’ ಅನ್ನುತ್ತಾರೆ. ರಕ್ಷಣೆ ಸಿಗುತ್ತದೆ ಅಂತ ಹೇಳಿದವರು ಯಾರು ಸ್ವಾಮಿ? ಅನ್ನ ಬಡಿಸುವ ಹೊತ್ತಿನಲ್ಲೂ ಸ್ವರ್ಗದ ಲೆಕ್ಕ ಹಾಕುತ್ತಿರುವವರು ನೀವು, ಬಡಿಸುವವರಲ್ಲ.

ಈಚೆಗೆ ಒಂದು ಶವಸಂಸ್ಕಾರಕ್ಕೆ ಹೋಗಿದ್ದೆ. ತೀರಿಕೊಂಡವರು ನರ್ಸ್ ಆಗಿದ್ದವರು. ನಿವೃತ್ತಿಯಾದ ಮೇಲೂ ಕೇರಿಯ ಬಾಣಂತಿಯರನ್ನು ವಿಚಾರಿಸಿಕೊಂಡು, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತ ಮುದುಕರಿಗೆ ಡ್ರೆಸ್ಸಿಂಗ್ ಮಾಡಿಕೊಂಡು ಓಡಾಡಿದ ಹೆಂಗಸು. ಪೆಟ್ಟಿಗೆಯ ಸುತ್ತ ಅಳುತ್ತಿದ್ದವರಲ್ಲಿ ಎಷ್ಟೋ ಜನ ಸಭೆಯವರೇ ಅಲ್ಲ. ಬುರ್ಖಾ ಹಾಕಿದ ಇಬ್ಬರು ಗೇಟಿನ ಪಕ್ಕ ಚಪ್ಪಲಿ ಕಳಚಿಟ್ಟು ನಿಂತಿದ್ದರು. ಪ್ರಸಂಗಕ್ಕೆಂದು ಹೊರಗಿನಿಂದ ಕರೆಸಿದ್ದ ಬೋಧಕರು ಮೈಕು ಹಿಡಿದು, ಯೆಶಾಯನ 64ನೆಯ ಅಧ್ಯಾಯ ತೆರೆದು, ಈ ತಾಯಿ ಮಾಡಿದ ಸೇವೆಯೆಲ್ಲ ದೇವರ ದೃಷ್ಟಿಯಲ್ಲಿ ಕೊಳಕು ಬಟ್ಟೆ ಎಂದು ಸಾವಕಾಶವಾಗಿ ವಿವರಿಸಿದರು. ಆಕೆ ಜೀವಮಾನವಿಡೀ ಒಗೆದದ್ದು ಕೊಳಕು ಬಟ್ಟೆಯನ್ನೇ. ಬೋಧಕರ ಬಿಳಿ ಅಂಗಿಗೆ ಮಾತ್ರ ಒಳ್ಳೇ ಇಸ್ತ್ರಿಯಾಗಿತ್ತು.

ಇವರ ಬೈಬಲ್ಲಿನಲ್ಲಿ ಮತ್ತಾಯ 25 ಅಚ್ಚಾಗಿಲ್ಲವೇ? ಕಡೇ ನ್ಯಾಯತೀರ್ಪು ಹೇಗೆ ನಡೆಯುತ್ತದೆ ಎಂದು ಯೇಸು ಇಷ್ಟು ವಿವರವಾಗಿ ಬೇರೆಲ್ಲೂ ಹೇಳಿಲ್ಲ. ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ. ವಿಚಾರಣೆ ನಡೆಯುವುದು ಆರು ಬಗೆಯ ಜನರ ಬಗ್ಗೆ: ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿದ್ದವರು. ಇವರಿಗೆ ಏನು ಮಾಡಿದೆ? ಅಷ್ಟೇ ಪ್ರಶ್ನೆ. ಯಾವ ಸಭೆಯವನು, ಯಾವ ತಾರೀಖಿಗೆ ರಕ್ಷಣೆ ಹೊಂದಿದೆ, ದೀಕ್ಷಾಸ್ನಾನಕ್ಕೆ ಪೂರ್ತಿ ಮುಳುಗಿದ್ದೆಯೋ ನೀರು ಚಿಮುಕಿಸಿಕೊಂಡು ಬಂದೆಯೋ ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ವಿಷಯ ಗಮನಿಸಿ. ಎಡಗಡೆ ನಿಂತ ಆಡುಗಳೂ ನ್ಯಾಯಾಧಿಪತಿಯನ್ನು ಕರ್ತನೆಂದೇ ಕರೆಯುತ್ತವೆ. ನಂಬದವರಲ್ಲ ಅವರು. ಚೆನ್ನಾಗಿ ನಂಬಿದವರು, ಪ್ರಾಯಶಃ ಮೊದಲ ಸಾಲಿನಲ್ಲಿ ಕೂರುತ್ತಿದ್ದವರು.

ಈ ಅಧ್ಯಾಯ ಎತ್ತಿದ ತಕ್ಷಣ ಪೌಲನ ಬೆನ್ನ ಹಿಂದೆ ಅಡಗುತ್ತಾರೆ. ಎಫೆಸದವರಿಗೆ ಬರೆದ ಪತ್ರಿಕೆ, ಎರಡನೇ ಅಧ್ಯಾಯ, 8 ಮತ್ತು 9ನೇ ವಚನ: ರಕ್ಷಣೆ ನಂಬಿಕೆಯಿಂದ, ಕ್ರಿಯೆಯಿಂದಲ್ಲ. ಬಾಯಿಪಾಠ. ಗೋಡೆಯ ಕ್ಯಾಲೆಂಡರಿನಲ್ಲಿ ಅದೇ, ಕಾರಿನ ಹಿಂದಿನ ಗಾಜಿನ ಮೇಲೂ ಅದೇ. 10ನೇ ವಚನ ಅಚ್ಚು ಹಾಕಿದ ಕ್ಯಾಲೆಂಡರನ್ನು ನಾನಂತೂ ಕಂಡಿಲ್ಲ. ದೇವರು ನಮ್ಮನ್ನು ಉಂಟುಮಾಡಿದ್ದೇ ಸತ್ಕ್ರಿಯೆ ಮಾಡಲಿ ಎಂದು, ಅನ್ನುವುದು ಆ ಹತ್ತನೆಯದು. ಪೌಲ ನಿಲ್ಲಿಸದ ಕಡೆ ಇವರು ನಿಲ್ಲಿಸಿ ಆಮೆನ್ ಹೇಳುತ್ತಾರೆ.

ಮುಂದಿನ ತುರುಪು ಶಿಲುಬೆಯ ಮೇಲಿನ ಕಳ್ಳ. ಅವನು ಯಾವ ಸತ್ಕ್ರಿಯೆ ಮಾಡಿದ್ದ? ನಂಬಿದ, ಅದೇ ದಿನ ಪರದೈಸಿಗೆ ಹೋದ! ಹೌದು, ಹೋದ. ಆದರೆ ಅವನ ಎರಡೂ ಕೈಗೆ ಮೊಳೆ ಹೊಡೆದಿತ್ತು. ಆಡುವುದಕ್ಕೆ ನಾಲಿಗೆಯೊಂದು ಉಳಿದಿತ್ತು, ಅದರಿಂದಲೇ ಪಕ್ಕದವನ ಬಾಯಿ ಮುಚ್ಚಿಸಿ, ಈ ಮನುಷ್ಯ ತಪ್ಪೇನೂ ಮಾಡಿಲ್ಲ ಎಂದು ಸಾಕ್ಷಿ ಹೇಳಿದ. ಊರಿನ ದೊಡ್ಡವರೆಲ್ಲ ಗೇಲಿ ಮಾಡುತ್ತಿದ್ದ ಹೊತ್ತಿನಲ್ಲಿ ಅದು ಸಣ್ಣ ಕ್ರಿಯೆಯಲ್ಲ. ಎರಡು ಗಟ್ಟಿ ಕೈಗಳನ್ನಿಟ್ಟುಕೊಂಡು ಆ ಕಳ್ಳನ ಹೆಸರಿನಲ್ಲಿ ವಿನಾಯಿತಿ ಕೇಳಲು ನಾಚಿಕೆಯಾಗುವುದಿಲ್ಲವೇ?

‘ನಂಬಿಕೆಯೊಂದೇ ಸಾಕು ಎಂದು ಲೂಥರ್ ಹೇಳಿದ್ದಾನಲ್ಲ!’ ಯಾವ ಲೂಥರ್? 1517ರಲ್ಲಿ ಜರ್ಮನಿಯಲ್ಲಿ ಏನಾಗುತ್ತಿತ್ತು ಎಂದು ಓದಿದ್ದೀರಾ? ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಪದವಿಗಾಗಿ ಫುಗ್ಗರ್ ಸಾಹುಕಾರರಲ್ಲಿ ಮಾಡಿದ ಸಾಲ ಒಂದು ಕಡೆ, ರೋಮಿನಲ್ಲಿ ಏಳುತ್ತಿದ್ದ ಸಂತ ಪೇತ್ರರ ದೇವಾಲಯದ ಖರ್ಚು ಇನ್ನೊಂದು ಕಡೆ. ಎರಡಕ್ಕೂ ದುಡ್ಡು ಹೊಂದಿಸಲು ಟೆಟ್ಸೆಲ್‌ನಂಥವರು ಪಾಪಪರಿಹಾರದ ಚೀಟಿ ಮಾರುತ್ತ ಊರೂರು ತಿರುಗುತ್ತಿದ್ದರು. ಬಡವರ ಜೇಬಿಗೆ ಕೈಹಾಕಿದವರ ವಿರುದ್ಧ ಎತ್ತಿದ ಕೋಲು ಅದು, ನಂಬಿಕೆಯೊಂದೇ ಸಾಕು ಎನ್ನುವುದು. ಆ ಸಿಟ್ಟಿಗೆ ನನ್ನದೂ ಸಲಾಮು. ಈಗ ಅದೇ ಕೋಲನ್ನು ಬಡವರಿಗೆ ಅಡ್ಡ ಹಿಡಿದಿದ್ದಾರೆ.

ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರಿಕೆಯನ್ನು ಲೂಥರ್ 1522ರಲ್ಲಿ ಒಣಹುಲ್ಲಿಗೆ ಹೋಲಿಸಿದ್ದು ನಿಜ. ಅದನ್ನು ಎಲ್ಲರೂ ಹೇಳುತ್ತಾರೆ. ಮರುವರ್ಷ ಅವನೇನು ಮಾಡಿದ ಎಂದು ಯಾರೂ ಹೇಳುವುದಿಲ್ಲ. ಸ್ಯಾಕ್ಸನಿಯ ಲೈಸ್‌ನಿಗ್ ಎಂಬ ಸಣ್ಣ ಊರಿನವರು ಒಂದು ಸಾರ್ವಜನಿಕ ಹಣದ ಪೆಟ್ಟಿಗೆ ಇಡಲು ಹೊರಟಿದ್ದರು. ಅನಾಥರು, ಮುದುಕರು, ದುಡಿಯಲಾಗದವರು, ಕಷ್ಟಕ್ಕೆ ಸಿಕ್ಕಿದ ಕಸುಬುದಾರರು, ಎಲ್ಲರಿಗೂ ಆ ಪೆಟ್ಟಿಗೆಯಿಂದಲೇ ನೆರವು. ಪೆಟ್ಟಿಗೆಗೆ ನಾಲ್ಕು ಬೀಗ. ಒಂದು ಕೀಲಿ ಜಮೀನ್ದಾರರ ಕೈಯಲ್ಲಿ, ಒಂದು ಪಟ್ಟಣಸಭೆಯವರ ಕೈಯಲ್ಲಿ, ಒಂದು ಊರವರಲ್ಲಿ, ಒಂದು ಹಳ್ಳಿಯ ರೈತರಲ್ಲಿ. ನಾಲ್ವರೂ ಸೇರದೆ ಮುಚ್ಚಳ ಏಳುವಂತಿಲ್ಲ. ಈ ನಿಯಮಾವಳಿಗೆ ಮುನ್ನುಡಿ ಬರೆದು 1523ರಲ್ಲಿ ಅಚ್ಚು ಹಾಕಿಸಿದವನು ನಿಮ್ಮ ಅದೇ ಲೂಥರ್. ಅವನ ಮಟ್ಟಿಗೆ ನಂಬಿಕೆಗೆ ಬೀಗ, ಕೀಲಿ, ಲೆಕ್ಕದ ಪುಸ್ತಕ ಎಲ್ಲ ಇತ್ತು. ನಮ್ಮ ಎಷ್ಟು ಸಭೆಗಳ ಪೆಟ್ಟಿಗೆಯ ಕೀಲಿ ಒಬ್ಬರ ಸೊಂಟದಲ್ಲೇ ಇದೆ ಎನ್ನುವುದು ಬೇರೆ ಕಥೆ, ಇವತ್ತು ಬೇಡ.

ಲೂಥರನಿಗಿಂತ ದೊಡ್ಡ ಲೂಥರನ್ನರು ಆಗಲೂ ಇದ್ದರು. ಅವನ ಆಪ್ತ ಆಮ್ಸ್‌ಡೋರ್ಫ್ 1559ರಲ್ಲಿ ಸತ್ಕ್ರಿಯೆಗಳು ರಕ್ಷಣೆಗೆ ಹಾನಿಕರ ಎಂದೇ ವಾದಿಸಿ ಬರೆದ. ನಿರುಪಯುಕ್ತ ಅಲ್ಲ, ಹಾನಿಕರ! 1577ರ ಸಂಧಾನಸೂತ್ರದಲ್ಲಿ ಲೂಥರನ್ನರೇ ಆ ಮಾತನ್ನು ತಳ್ಳಿಹಾಕಿದರು. ತಳ್ಳಿಹಾಕಿದ ಆ ಮಾತು ನಾಲ್ಕೂವರೆ ಶತಮಾನ ದಾಟಿ ನಮ್ಮ ಕನ್ವೆನ್ಷನ್ ಪೆಂಡಾಲುಗಳಲ್ಲಿ ಕೀಬೋರ್ಡ್ ಸಮೇತ ಬಂದು ಕೂತಿದೆ.

ನಂಬಿಕೆಯನ್ನು ಕ್ರಿಯೆಯಿಂದ ಕತ್ತರಿಸಿದರೆ ಏನಾಗುತ್ತದೆ ಎಂಬುದನ್ನು ಲೂಥರನ ನಾಡೇ ತೋರಿಸಿತು. 1933ರಲ್ಲಿ ಹಿಟ್ಲರ್ ಬಂದಾಗ ಪ್ರೊಟೆಸ್ಟೆಂಟ್ ಸಭೆಗಳ ದೊಡ್ಡದೊಂದು ಪಾಲು ಅವನಿಗೆ ಜೈ ಅಂದಿತು. ಅವರ ನಂಬಿಕೆಯ ಪ್ರಮಾಣದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕೃಪೆ ಇಷ್ಟು ಅಗ್ಗವಾಯಿತಲ್ಲ ಎಂದು 1937ರಲ್ಲಿ ಕೂಗಿ ಹೇಳಿದ ಬಾನ್‌ಹೋಫರ್ ಕೂಡ ಲೂಥರನ್ ಪಾದ್ರಿಯೇ. ಹಿಟ್ಲರನಿಗೆ ಎದುರು ನಿಂತದ್ದಕ್ಕೆ 1945ರ ಏಪ್ರಿಲ್‌ನಲ್ಲಿ ಅವರನ್ನು ನೇಣಿಗೆ ಹಾಕಿದರು. ನಂಬಿಕೆಯಷ್ಟೇ ಸಾಕು ಎಂದು ಸುಮ್ಮನಿದ್ದಿದ್ದರೆ ಅವರೂ ಪಿಂಚಣಿ ತಿಂದುಕೊಂಡು ಆರಾಮಾಗಿರಬಹುದಿತ್ತು.

ಅಷ್ಟು ದೂರ ಯಾಕೆ? 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಸಾರಿದ್ದೂ ಕೃಪೆ, ನಂಬಿಕೆಯನ್ನೇ. ಆದರೆ ನಂಬಿದವನನ್ನು ಮನೆಯವರು ಹೊರಗೆ ಹಾಕಿದರು, ಒಡೆಯ ಗೇಣಿ ಬಿಡಿಸಿದ, ಜಾತಿಯ ಕಸುಬು ಹೋಯಿತು. ಆಗ ಅವರು ‘ನಂಬಿದೆಯಲ್ಲ ತಮ್ಮಾ, ಪ್ರಾರ್ಥನೆ ಮಾಡಿಕೊಂಡಿರು’ ಅನ್ನಲಿಲ್ಲ. ಮಗ್ಗ ಹಾಕಿದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಶಾಲೆ ಕಟ್ಟಿದರು, ಮುದ್ರಣಾಲಯ ಇಟ್ಟರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಮೋಗ್ಲಿಂಗ್ 1843ರಲ್ಲಿ ಹೊರತಂದರು, ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ನಮ್ಮ ಅಜ್ಜಿಯ ತವರು ಹಂಚಿನ ಕಾರ್ಖಾನೆಯ ಕೂಲಿಯಲ್ಲಿ ಗಂಜಿ ಕಂಡ ಮನೆ. ಇದೆಲ್ಲ ಕೊಳಕು ಬಟ್ಟೆಯೇ? ಹಾಗಿದ್ದರೆ ಆ ಬಟ್ಟೆಯಲ್ಲೇ ಮಾನ ಮುಚ್ಚಿಕೊಂಡು ಬೆಳೆದವರು ನಾವು.

ಇದನ್ನೆಲ್ಲ ಓದಿ ಕ್ಯಾಥೊಲಿಕ್ ಸ್ನೇಹಿತರು ಮೀಸೆಯಡಿಯಲ್ಲಿ ನಗುವುದು ಬೇಡ. ಮೊದಲು ಬರುವುದು ಕೃಪೆ, ಅದನ್ನು ಯಾರೂ ದುಡಿದು ಪಡೆಯಲಾರರು ಎಂದು 1547ರಲ್ಲಿ ನಿಮ್ಮ ಟ್ರೆಂಟ್ ಮಹಾಸಭೆಯೇ ಹೇಳಿದೆ. ನೀವು ಅದನ್ನು ಮರೆತು ಹರಕೆ ಮೋಂಬತ್ತಿಗಳ ಲೆಕ್ಕ ಇಡುತ್ತ ಕೂತಿದ್ದೀರಿ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ವ್ಯಾಟಿಕನ್ನಿನವರೂ ಕೂತು ಈ ವಿಷಯದ ಮೂಲ ಸತ್ಯಗಳಲ್ಲಿ ತಮಗೆ ಜಗಳವಿಲ್ಲ ಎಂದು ಸಹಿ ಹಾಕಿದರು. ಮುಂದೆ 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳೂ ಸೇರಿಕೊಂಡವು. ಸುದ್ದಿ ನಮ್ಮ ವೇದಿಕೆಗಳಿಗೆ ಇನ್ನೂ ತಲುಪಿಲ್ಲ. ತಲುಪಿದರೆ ಅರ್ಧ ಪ್ರಸಂಗಗಳಿಗೆ ವಿಷಯವೇ ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎರಡೂ ಕಡೆಯವರಿಗೆ ಮೊದಲಿಂದಲೂ ಒಮ್ಮತ. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಗಳಲ್ಲಿ ಹುಡುಗಿ ನೋಡಲು ಹೊರಟಾಗ ಬಾಮಣ್ ಯಾರು, ಚಾರ್ಡಿ ಯಾರು, ಸುದಿರ್ ಯಾರು ಎಂದು ಇವತ್ತಿಗೂ ಪಿಸುದನಿಯಲ್ಲಿ ಜಾತಿಯ ವಿಚಾರಣೆ ನಡೆಯುತ್ತದೆ. ನಮ್ಮ ಪ್ರೊಟೆಸ್ಟೆಂಟ್ ಮನೆಗಳಲ್ಲೂ ಮುತ್ತಾತ ಯಾವ ಜಾತಿ ಬಿಟ್ಟು ಬಂದಿದ್ದ ಎಂಬುದು ಸರಿಯಾಗಿ ಆಗಲೇ ನೆನಪಾಗುತ್ತದೆ. ನಂಬಿಕೆಯಿಂದಲೂ ಅಲ್ಲ, ಕ್ರಿಯೆಯಿಂದಲೂ ಅಲ್ಲ, ಹುಟ್ಟಿನಿಂದಲೇ ನೀತಿವಂತರು! ಈ ಬೋಧನೆಯ ವಿರುದ್ಧ ಕನ್ವೆನ್ಷನ್ ಇಟ್ಟವರನ್ನು ನಾನು ಕಂಡಿಲ್ಲ.

ಹೋಗಲಿ, ಕ್ರಿಯೆಗೆ ಬೆಲೆಯೇ ಇಲ್ಲ ಅನ್ನುವವರು ದಶಮಾಂಶದ ಭಾನುವಾರ ಯಾಕೆ ಬದಲಾಗುತ್ತಾರೆ? ಆವತ್ತು ಪೌಲನಿಗೆ ರಜೆ, ಮಲಾಕಿಯನ ಮೂರನೇ ಅಧ್ಯಾಯಕ್ಕೆ ಹಾಜರಿ. ಕೊಟ್ಟರೆ ಪರಲೋಕದ ದ್ವಾರ ತೆರೆಯುತ್ತದೆ, ಕೊಡದಿದ್ದರೆ ಶಾಪ. ರಕ್ಷಣೆ ಉಚಿತ, ಆದರೆ ಸಭಾ ಚಂದಾ ಬಾಕಿಯಿದ್ದರೆ ಗುಂಡಿ ತೋಡಲು ಅಪ್ಪಣೆ ಸಿಗದ ಕಡೆಗಳೂ ಇವೆ. ಬೇರೆಲ್ಲ ಕ್ರಿಯೆಯೂ ಕೊಳಕು ಬಟ್ಟೆಯಂತೆ, ಲಕೋಟೆಯೊಳಗಿನ ನೋಟು ಮಾತ್ರ ಶುಭ್ರವಂತೆ.

ನಾನು ಕೇಳುವುದು ಹೆಚ್ಚೇನಿಲ್ಲ. ಬರುವ ವಾರ್ಷಿಕ ಸಭೆಯಲ್ಲಿ ಖಜಾಂಚಿಯವರು ಲೆಕ್ಕ ಓದುವಾಗ ಮತ್ತಾಯ 25ರ ಆರು ಬಾಬತ್ತುಗಳನ್ನೇ ಆರು ಕಾಲಂ ಮಾಡಿ ಓದಲಿ. ಹಸಿದವರಿಗೆ ಎಷ್ಟು, ರೋಗಿಗಳಿಗೆ ಎಷ್ಟು, ಸೆರೆಯಲ್ಲಿದ್ದವರಿಗೆ ಎಷ್ಟು. ಪೆಂಡಾಲು, ಧ್ವನಿವರ್ಧಕ, ಅತಿಥಿ ಬೋಧಕರ ವಿಮಾನದ ಟಿಕೆಟ್ಟು, ಇವಕ್ಕೆ ಏಳನೆಯದೊಂದು ಕಾಲಂ ಹಾಕಿಕೊಳ್ಳಿ, ನನ್ನ ಅಡ್ಡಿಯಿಲ್ಲ.